ತಣ್ಣಗಿದ್ದ ಗರಗಸ

ಯಂತ್ರಗರಗಸ ಹಿಡಿದು ಒಂದು ಕೊಂಬೆಯನ್ನೂ ಕೊಯ್ಯದವರು ಅದರ ಕಥೆ ಹೇಳಹೊರಡುವುದು ಉದ್ಧಟತನವೇ. ಕ್ಷಮೆ ಇರಲಿ. ಮರ ಕೊಯ್ಯುವವರು ಓದಿದರೆ ನಾಲ್ಕಾರು ತಪ್ಪುಗಳು ಸಿಗಬಹುದು. ಯಾವುದೋ ಬೋಲ್ಟಿನ ಜಾಗ, ಎಣ್ಣೆಯ ಅಳತೆ ಹೆಚ್ಚುಕಡಿಮೆಯಾಗಿರಬಹುದು. ಆದರೆ ಕಬೆನ್ಲಾ ಮಿಯೆಜಾನಿಗೆ ಆದದ್ದನ್ನು ಚೆನ್ನಾಗಿ ಹೇಳಬಲ್ಲವರು ಸುಮ್ಮನಿದ್ದಾರೆ, ಅವನಂತೂ ಬಾಯಿ ಬಿಡುವವನಲ್ಲ. ಹಾಗಾಗಿ ಈ ಧೈರ್ಯ.

ಕಬೆನ್ಲಾ ಹದಿನೇಳು ವರ್ಷದಿಂದ ಹಲಗೆ ಹೊರುತ್ತಿದ್ದ. ಕಾಡಿನೊಳಗೆ ಮಾಸ್ಟರ್‌ಗಳು ಎಂದು ಕರೆಸಿಕೊಳ್ಳುವ ಗರಗಸದವರು ಮರ ಉರುಳಿಸಿ, ಬಿದ್ದ ಜಾಗದಲ್ಲೇ ಹಲಗೆ ಸೀಳುತ್ತಿದ್ದರು. ಆ ಹಸಿ ಹಲಗೆಗಳನ್ನು ತಲೆಯ ಮೇಲೆ ಹೊತ್ತು ಲಾರಿ ಬರುವ ರಸ್ತೆಯವರೆಗೆ ತರುವುದು ಹೊರುವವರ ಕೆಲಸ. ಬಟ್ಟೆಯ ಸಿಂಬಿ, ಅದರ ಮೇಲೆ ಹನ್ನೆರಡು ಅಡಿ ಹಲಗೆ, ಕಾಲಡಿಯಲ್ಲಿ ಜೌಗು. ಐವರಿ ಕೋಸ್ಟಿನ ಗಡಿಗೆ ತಾಗಿದ ಆ ಕರಾವಳಿಯ ಎನ್ಜೆಮಾ ಜನರ ಹಳ್ಳಿಗಳಲ್ಲಿ ಹೊರುವವರನ್ನು ದೂರದಿಂದಲೇ ಗುರುತಿಸಬಹುದು. ತಲೆಯ ಮೇಲೆ ಏನೂ ಇಲ್ಲದಾಗಲೂ ಅವರು ಕುತ್ತಿಗೆ ತಿರುಗಿಸುವುದಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಬಲಗೈಯ ಮೂರು ಬೆರಳು ಸತ್ತಂತಾದವು. ಬಿಸಿ ಸಾರಿನ ಬಟ್ಟಲು ಹಿಡಿದರೆ ಸುಡುವುದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಬೆರಳಿಗೆ ತಿಳಿಯುತ್ತಿರಲಿಲ್ಲ. ಆರೋಗ್ಯ ಕೇಂದ್ರದ ನರ್ಸಮ್ಮ ಅವನ ಕತ್ತನ್ನು ಒತ್ತಿ ನೋಡಿ, ಬೆರಳುಗಳಿಗೆ ಸೂಜಿ ಚುಚ್ಚಿ ನೋಡಿ ಹೇಳಿದಳು: "ಕತ್ತಿನ ಮೂಳೆ ಮಧ್ಯೆ ನರ ಸಿಕ್ಕಾಕ್ಕೊಂಡಿದೆ. ಇನ್ನೊಂದು ವರ್ಷ ತಲೆ ಮೇಲೆ ಹೊರೆ ಇಟ್ಟೆ ಅಂದ್ರೆ ಈ ಕೈ ನಿನ್ನದಲ್ಲ ಅಂತ ತಿಳ್ಕೊ. ಇಳಿಸಿಬಿಡು."

"ಇಳಿಸಿ ಏನು ಹೊತ್ಕೊಳ್ಳಲಿ, ಅಮ್ಮಾ?" ಎಂದು ಕಬೆನ್ಲಾ ಕೇಳಿದ. ತಮಾಷೆ ಮಾಡಬೇಕೆಂದು ಕೇಳಿದ್ದಲ್ಲ. ಆದರೂ ಸಾಲಿನಲ್ಲಿ ಕೂತಿದ್ದ ಹೆಂಗಸರು ನಕ್ಕರು.

ಅವನಿಗೆ ಗೊತ್ತಿದ್ದ ಇನ್ನೊಂದು ಕೆಲಸವೆಂದರೆ ಹೊರುವ ಹಲಗೆಯನ್ನು ಸೀಳುವುದು. ಎಷ್ಟೋ ಸಲ ಮಾಸ್ಟರ್ ಬ್ಲೇ ಊಟಕ್ಕೆ ಕೂತಾಗ ಅವನ ಗರಗಸವನ್ನು ಕೈಗೆತ್ತಿಕೊಂಡು ಸಣ್ಣಪುಟ್ಟ ತುಂಡು ಕತ್ತರಿಸಿದ್ದ. ಹಳೆ ಬ್ಯಾಟರಿಯ ಕರಿ ಪುಡಿ ಕಲಸಿದ ನೀರಲ್ಲಿ ದಾರ ಅದ್ದಿ, ದಿಮ್ಮಿಯ ಉದ್ದಕ್ಕೆ ಎಳೆದು ಚಟ್ಟನೆ ಬಿಟ್ಟು ಗೆರೆ ಹೊಡೆಯುವುದರಲ್ಲಿ ಅವನ ಕಣ್ಣು ತಪ್ಪುತ್ತಿರಲಿಲ್ಲ. ಬ್ಲೇಗೂ ಅದು ಗೊತ್ತಿತ್ತು. ಊರ ಹಿಂದಿನ ಹಳೆಯ ರಬ್ಬರ್ ತೋಟವನ್ನು ತೆಗೆಸಿ ಹೊಸ ಸಸಿಗೆ ಜಾಗ ಮಾಡುವ ಕೆಲಸ ಬ್ಲೇಗೆ ಸಿಕ್ಕಿತ್ತು. ಐದಾರು ತಿಂಗಳ ಕೆಲಸ. ರಬ್ಬರಿನ ನಡುವೆ ಅಲ್ಲಲ್ಲಿ ಉಳಿದಿದ್ದ ದೊಡ್ಡ ದಹೋಮಾ ಮರಗಳನ್ನು ಸೇತುವೆಯ ಹಲಗೆಗೆಂದು ಸೀಳಬೇಕಿತ್ತು.

"ನಂಗೆ ಇನ್ನೊಬ್ಬ ಕೊಯ್ಯೋನು ಬೇಕು," ಎಂದ ಬ್ಲೇ. "ನೀನೇ ಬಂದ್ರೆ ಸಂತೋಷ. ಆದ್ರೆ ಮಿಷನ್ ನಿಂದೇ ಆಗ್ಬೇಕು. ನನ್ನದು ಕೊಡೋಕಾಗಲ್ಲ, ಹೆಂಡ್ತಿನಾದ್ರೂ ಕೊಟ್ಟೇನು."

"ನಿನ್ನ ಹೆಂಡ್ತಿ ನಂಗೆ ಬೇಡ ಮಾಸ್ಟರ್, ಅವಳು ಚಾಲೂ ಆದ್ರೆ ನಿಲ್ಲಲ್ಲ."

"ಹಾಗಾದ್ರೆ ನಿಲ್ಲೋ ಮಿಷನ್ ಹುಡುಕ್ಕೋ. ಹತ್ತು ದಿನ ಇದೆ."

ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ಹೆಂಡತಿ ಯಾಬಾ ತನ್ನ ಮರಗೆಣಸು ಅರೆಯುವ ಯಂತ್ರವನ್ನು ಮಾರಿದಳು. ಗೆಣಸಿನ ತರಿಯನ್ನು ಹಬೆಯಲ್ಲಿ ಬೇಯಿಸಿ ಅಚೆಕೆ ಮಾಡಿ ಎಲೆಯಲ್ಲಿ ಕಟ್ಟಿ ಮಾರುವವಳಿಗೆ ಅದು ಎರಡು ಜೊತೆ ಕೈ ಇದ್ದಂತೆ. ಹಳೆಯ ತಗಡಿನ ತುರಿಮಣೆಯನ್ನು ಅಟ್ಟದಿಂದ ಇಳಿಸಿ, ಮೊಳೆಯಿಂದ ತೂತುಗಳನ್ನು ಮತ್ತೆ ಚೂಪು ಮಾಡಿಕೊಂಡಳು, ಅಷ್ಟೆ.

ಕಬೆನ್ಲಾ ಹೆದರುವ ಜಾತಿಯ ಮನುಷ್ಯ. ಕೊಳ್ಳುವ ಮೊದಲು ಊರಲ್ಲಿದ್ದ ಕೊಯ್ಯುವವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದ. ಹಳೆ ಗರಗಸ ನೋಡುವುದು ಹೇಗೆ? ಅವರು ಹೇಳಿದ್ದನ್ನು ಬೆರಳೆಣಿಸಿ ಬಾಯಿಪಾಠ ಮಾಡಿಕೊಂಡ. ಚಾಲೂ ಮಾಡುವ ಹಗ್ಗದ ಹಿಡಿ ಹಿಡಿದು ಗರಗಸವನ್ನು ತೂಗುಬಿಡು. ಸರ್ರನೆ ಇಳಿದರೆ ಎಂಜಿನ್ನಿಗೆ ಉಸಿರಿಲ್ಲ, ತಡೆದು ತಡೆದು ಇಳಿದರೆ ಉಸಿರಿದೆ. ಹೊಗೆ ಕೊಳವೆ ಬಿಚ್ಚಿ ಒಳಗೆ ಇಣುಕು. ಪಿಸ್ಟನ್ನಿನ ಮೈಯಲ್ಲಿ ಗೀರು ಇರಬಾರದು. ಸರಪಳಿ ಓಡುವ ಪಟ್ಟಿಯ ಅಂಚು ಸವೆದಿದೆಯೇ ನೋಡು. ಓಡಿಸಿ, ಸರಪಳಿಯ ತುದಿಯನ್ನು ಒಂದು ಬಿಳಿ ಮರದ ಬುಡಕ್ಕೆ ಹಿಡಿ. ಎಣ್ಣೆಯ ಗೆರೆ ಬೀಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ನೀನು ಹೋದಾಗ ಎಂಜಿನ್ ತಣ್ಣಗಿರಬೇಕು. ಬಿಸಿಯಾಗಿದ್ದರೆ, ನೀನು ಬರುತ್ತೀ ಎಂದು ಮೊದಲೇ ಎಳೆದೆಳೆದು ಚಾಲೂ ಮಾಡಿಟ್ಟಿದ್ದಾರೆ ಎಂದೇ ಅರ್ಥ.

ತಕೊರಾಡಿ ಪಟ್ಟಣದ ಗ್ಯಾರೇಜು ಬೀದಿಯಲ್ಲಿ ಅವನು ಒಂದು ಇಡೀ ದಿನ ಅಲೆದ. ಮೊದಲ ಅಂಗಡಿಯಲ್ಲಿ ಗರಗಸಗಳಿಗೆಲ್ಲ ಮದುವೆ ಹೆಣ್ಣಿಗೆ ಬಳಿದಂತೆ ಕಿತ್ತಳೆ ಬಣ್ಣ ಬಳಿದಿತ್ತು. ಎರಡನೆಯದರಲ್ಲಿ ಪಿಸ್ಟನ್ನಿನ ಮೇಲೆ ಬೆಕ್ಕು ಪರಚಿದಂತೆ ಗೀರುಗಳು. ಮೂರನೆಯದರಲ್ಲಿ ಅಂಗಡಿಯವನು ಕಿವಿಯ ತನಕ ನಗುತ್ತ ಒಂದು ದೊಡ್ಡ ಗರಗಸ ತಂದಿಟ್ಟ. ಕಬೆನ್ಲಾ ಎಂಜಿನ್ನಿನ ಮೇಲೆ ಎಡಗೈ ಇಟ್ಟು ನೋಡಿದ. ಬಲಗೈಗೆ ಆ ಕೆಲಸ ಆಗುತ್ತಿರಲಿಲ್ಲ.

"ಬೆಚ್ಚಗಿದೆ," ಎಂದ.

"ಬಿಸಿಲಲ್ಲಿತ್ತು ಅಣ್ಣ."

"ಒಳಗಿಂದ ತಂದ್ರಿ."

"ಒಳಗೂ ಬಿಸಿಲಿದೆ. ನೋಡು, ಸೂರಲ್ಲಿ ತೂತು." ಪಕ್ಕದ ಅಂಗಡಿಯವರು ನಕ್ಕರು. ಅವರಲ್ಲೊಬ್ಬ ಕೂಗಿದ, "ಏನಣ್ಣ, ಮಿಷನ್ ಕೊಳ್ಳೋಕೆ ಬಂದ್ಯಾ, ಜ್ವರ ನೋಡೋಕೆ ಬಂದ್ಯಾ? ನಾಲಿಗೆನೂ ಚಾಚು ಅನ್ಲಾ ಇದಕ್ಕೆ?"

ಕಬೆನ್ಲಾ ಸಿಟ್ಟಾಗಲಿಲ್ಲ. ನಗುವವರು ನಗಲಿ, ನಾನು ಮೋಸ ಹೋಗಲಿಲ್ಲವಲ್ಲ ಎಂದುಕೊಂಡು ಸಂಜೆಯ ಲಾರಿ ಹತ್ತಿದ. ಆ ದಿನ ಅವನಿಗೆ ತನ್ನ ಬಗ್ಗೆ ಸ್ವಲ್ಪ ಹೆಮ್ಮೆಯೇ ಅನಿಸಿತ್ತು.

ಹೆಂಡತಿಯ ತಮ್ಮ ನ್ಯಾಂಜು, ಅವನೂ ಹೊರುವವನೇ, ಅಮಿಹೆರೆಯ ಹೆಸರು ಹೇಳಿದ. ಅಂಕೊಬ್ರಾ ನದಿಯ ಆಚೆ ದಡದಲ್ಲಿ ಮುದುಕ ಅಮಿಹೆರೆ ಇದ್ದ. ಒಂದು ಕಾಲದಲ್ಲಿ ಅವನು ಕೊಯ್ದ ಹಲಗೆ ಎಂದರೆ ರಂದ ಹೊಡೆಯುವುದೇ ಬೇಡ ಎನ್ನುತ್ತಿದ್ದರು. ಎರಡು ವರ್ಷದಿಂದ ಕೆಲಸ ಬಿಟ್ಟಿದ್ದ. ಗರಗಸವನ್ನು ಅಕ್ಕನ ಮಗನಿಗೆ ಕೊಟ್ಟಿದ್ದ. ಅವನು ಒಂದೂವರೆ ವರ್ಷ ಓಡಿಸಿ, ಅದನ್ನು ವಾಪಸ್ಸು ತಂದಿಟ್ಟು, ಗಡಿ ದಾಟಿ ಐವರಿ ಕೋಸ್ಟಿಗೆ ಹೋಗಿದ್ದ.

ದೋಣಿಯಲ್ಲಿ ದಾಟಿ ಹೋದಾಗ ಮುದುಕ ಮನೆಯ ಮುಂದೆ ಬಲೆ ಹೆಣೆಯುತ್ತಿದ್ದ. ಮೊದಲು ಕುಡಿಯಲು ನೀರು ಕೊಟ್ಟ, ಆಮೇಲೆ ಬಂದ ಸುದ್ದಿ ಕೇಳಿದ. ಗರಗಸ ಒಳಕೋಣೆಯಲ್ಲಿ, ಗೋಣಿಚೀಲದೊಳಗೆ ಇತ್ತು. ಕಬೆನ್ಲಾ ಎಡಗೈ ಇಟ್ಟ. ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ಬಣ್ಣ ಬಳಿದಿರಲಿಲ್ಲ, ಕೈ ಹಿಡಿದ ಕಡೆ ಸವೆದು ಹೊಳೆಯುತ್ತಿತ್ತು. ಹಗ್ಗ ಹಿಡಿದು ತೂಗುಬಿಟ್ಟರೆ ತಡೆದು ತಡೆದು ಇಳಿಯಿತು.

"ಕೊಳವೆ ಬಿಚ್ಚಿ ನೋಡ್ಲಾ, ಅಪ್ಪಾ? ತಪ್ಪು ತಿಳ್ಕೋಬೇಡಿ."

"ಬಿಚ್ಚಪ್ಪ. ನೋಡದೆ ಕೊಳ್ಳೋನಿಗೆ ನಾನು ಮಾರಲ್ಲ," ಎಂದು ಮುದುಕ ತಾನೇ ತಿರುಪುಳಿ ತಂದುಕೊಟ್ಟ.

ಪಿಸ್ಟನ್ ನುಣುಪಾಗಿತ್ತು. ಮೂರನೆಯ ಎಳೆತಕ್ಕೆ ಎಂಜಿನ್ ಶುರುವಾಯಿತು. ತೆಂಗಿನ ಬುಡದ ಮೇಲೆ ಎಣ್ಣೆಯ ಗೆರೆ ಬಿತ್ತು. ಬಿದ್ದಿದ್ದ ಒಂದು ತೆಂಗಿನ ಕಾಂಡವನ್ನು ಕಬೆನ್ಲಾ ಮೂರು ಕಡೆ ಕೊಯ್ದ. ಕಣ್ಣಲ್ಲಿ ನೀರು ಬಂತು. ಹೊಗೆಗೆ ಇರಬೇಕು ಎಂದು ಒರೆಸಿಕೊಂಡ.

ಮುದುಕ ಐದು ಸಾವಿರ ಸೀಡಿ ಬೆಲೆ ಹೇಳಿದ. ಕಬೆನ್ಲಾ ತನ್ನ ಬಳಿ ನಾಲ್ಕೇ ಇರುವುದೆಂದು, ಯಾಕೆ ನಾಲ್ಕೇ ಎಂದು, ಕೈಯ ವಿಷಯ, ಎಲ್ಲ ಹೇಳಿದ. ಅಮಿಹೆರೆ ಅವನ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದ. "ನಾಲ್ಕು ಸಾಕು. ಏಳು ದಿನ ಓಡ್ಸು. ನಿನ್ನ ಮನಸ್ಸಿಗೆ ಬರ್ಲಿಲ್ಲ ಅಂದ್ರೆ ಹೊತ್ಕೊಂಡು ಬಾ, ನಿನ್ನ ದುಡ್ಡು ನಿನಗೆ."

ನ್ಯಾಂಜು ದೋಣಿಯಲ್ಲಿ ಗರಗಸವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತ. "ಭಾವ, ನಿಂಗೆ ಇನ್ನು ನನ್ನ ಹಲಗೆ ನೋಡಿದ್ರೆ ವಾಸನೆ ಹೊಡೆಯುತ್ತೆ ಬಿಡು. ಮಾಸ್ಟರ್ ಆಗ್ಬಿಟ್ಟೆ. ನಾಳೆಯಿಂದ ನಂಗೂ ಬಯ್ತೀಯ, 'ಲೇ ಕತ್ತೆ, ಬೇಗ ಹೊರು' ಅಂತ."

"ನಿಂಗೆ ಬಯ್ಯೋಕೆ ಮಾಸ್ಟರ್ ಆಗ್ಬೇಕಾ?"

ಮನೆಯಲ್ಲಿ ಮಕ್ಕಳು ಗರಗಸದ ಸುತ್ತ ಕುಣಿದರು. ಯಾಬಾ ಅದನ್ನು ಒಮ್ಮೆ ಮುಟ್ಟಿ, ಸೆರಗಿನಲ್ಲಿ ಕೈ ಒರೆಸಿಕೊಂಡು ತುರಿಮಣೆಗೆ ಹೋಗಿ ಕೂತಳು. ಕಬೆನ್ಲಾನಿಗೆ ಮಾತ್ರ ಒಂದು ಯೋಚನೆ ಅಂಟಿಕೊಂಡಿತು. ಮುದುಕ ಒಂದು ಸಾವಿರ ಬಿಟ್ಟುಕೊಟ್ಟಿದ್ದಾನೆ. ಅಂಥ ಉಪಕಾರ ಪಡೆದವನು ಮರುದಿನ ಬೆಳಕು ಹರಿಯುವಾಗ, ಜೊತೆಗೊಬ್ಬನನ್ನು ಕರೆದುಕೊಂಡು, ಕೊಟ್ಟವನ ಮನೆಗೆ ಹೋಗಿ ಧನ್ಯವಾದ ಹೇಳಬೇಕು. ಹೇಳದವನನ್ನು ಅಲ್ಲಿ ಯಾರೂ ಮನುಷ್ಯರ ಲೆಕ್ಕದಲ್ಲಿ ಇಡುವುದಿಲ್ಲ. ಅವನ ತಂದೆ ಒಂದು ಗೊನೆ ಬಾಳೆಕಾಯಿಗೂ ಎರಡು ಮೈಲಿ ನಡೆದು ಹೋಗಿ ಹೇಳಿಬರುತ್ತಿದ್ದ.

"ಏಳು ದಿನ ಆಗ್ಲಿ ಬಿಡು ಭಾವ," ಎಂದ ನ್ಯಾಂಜು. "ಓಡ್ಸಿ ನೋಡಿ ಆಮೇಲೆ ಹೋದ್ರಾಯ್ತು."

"ಅದು ಮಿಷನ್ ವಿಷಯ. ಇದು ಅವರು ಇಳಿಸಿಕೊಟ್ಟ ದುಡ್ಡಿನ ವಿಷಯ. ಎರಡೂ ಬೇರೆ ಬೇರೆ."

"ಬೇರೆ ಅಂತ ಅವರಿಗೂ ಗೊತ್ತಿರ್ಬೇಕಲ್ಲ."

"ಅಷ್ಟೊಂದು ಒಳ್ಳೆಯವರನ್ನ ಏಳು ದಿನ ಕಾಯಿಸಿದ್ರೆ, ನಾನು ಅವರನ್ನ ನಂಬಲಿಲ್ಲ ಅಂತಾಗುತ್ತೆ ಕಣೋ."

ನ್ಯಾಂಜು ಭುಜ ಕುಣಿಸಿದ. ಭಾವನಿಗೆ ಒಂದು ಮಾತು ಹತ್ತಿತೆಂದರೆ ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮರುದಿನ ಬೆಳಗಿನ ಮೊದಲ ದೋಣಿಯಲ್ಲಿ ಇಬ್ಬರೂ ಹೋದರು. ಒಂದು ಬಾಟಲಿ ಜಿನ್, ಯಾಬಾ ಕಟ್ಟಿಕೊಟ್ಟ ಅಚೆಕೆ, ಹೊಗೆ ಹಾಕಿದ ಎರಡು ಮೀನು. ಮುದುಕ ನೀರು ಕೊಟ್ಟ, ಸುದ್ದಿ ಕೇಳಿದ. ಇಂಥ ಮಾತನ್ನು ಬಂದವನು ತಾನೇ ಆಡುವುದು ಸಭ್ಯತೆಯಲ್ಲ. ಹಾಗಾಗಿ ನ್ಯಾಂಜು ಅವನ ಬಾಯಿಯಾದ.

"ನನ್ನ ಭಾವ ಹೇಳ್ತಾನೆ: ನಿನ್ನೆ ನೀವು ಅವನಿಗೆ ಮಾಡಿದ್ದನ್ನ ಅವನು ಹೊತ್ಕೊಂಡು ಮನೆಗೆ ಹೋದ. ಅದು ಭಾರವಾಗಿತ್ತು. ಅದಕ್ಕೆ ಥ್ಯಾಂಕ್ಸ್ ಹೇಳೋಕೆ ಬಂದಿದಾನೆ."

ಅಮಿಹೆರೆ ಬಾಟಲಿಯನ್ನು ನೋಡಿದ. ತುಂಬ ಹೊತ್ತು ನೋಡಿದ. "ಏಳು ದಿನ ಅಂದಿದ್ದೆ ನಾನು. ಒಂದು ರಾತ್ರಿ ಕಳೆದಿದೆ, ಅಷ್ಟೆ."

ನ್ಯಾಂಜು ಕಬೆನ್ಲಾನ ಕಡೆ ತಿರುಗಿದ. ಆಗಲಾದರೂ ಕಬೆನ್ಲಾ ಸುಮ್ಮನಿರಬಹುದಿತ್ತು. ಬೆಲೆಗೆ ಮಾತ್ರ ಈ ಮಾತು, ಗರಗಸಕ್ಕೆ ಏಳು ದಿನ ಹಾಗೆಯೇ ಇರಲಿ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತಂತೆ. ಆದರೆ ಕೈ ಹಿಡಿದು ಬೆರಳು ಬಿಡಿಸಿ ನೋಡಿದ ಮನುಷ್ಯನ ಎದುರು, ಅವನ ಮನೆಯ ನೀರು ಕುಡಿದು, ಅಷ್ಟು ಅಳೆದು ತೂಗಿ ಮಾತಾಡುವುದು ಅವನಿಗೆ ಹೊಲಸು ಅನಿಸಿತು.

"ಒಳ್ಳೇದು ಕಂಡ ಮೇಲೆ ತಡ ಮಾಡಬಾರದು, ಅಪ್ಪಾ. ನನ್ನ ಮನಸ್ಸು ತುಂಬಿದೆ."

"ತುಂಬಿದೆಯಾ?"

"ತುಂಬಿದೆ."

ಮುದುಕ ಬಾಟಲಿಯ ಮುಚ್ಚಳ ತೆಗೆದ. ಅಂಗಳಕ್ಕೆ ಇಳಿದು, ಚಪ್ಪಲಿ ಬಿಟ್ಟು, ಹಿರಿಯರ ಹೆಸರು ಹಿಡಿದು ಕರೆಯುತ್ತ ನೆಲಕ್ಕೆ ಮೂರು ಸಲ ಸುರಿದ. ಆಮೇಲೆ ಮೂವರೂ ಒಂದೇ ಲೋಟದಲ್ಲಿ ಕುಡಿದರು. "ಹಾಗಾದ್ರೆ ವ್ಯಾಪಾರ ಮುಗೀತು," ಎಂದ ಅಮಿಹೆರೆ.

ಸೋಮವಾರ ರಬ್ಬರ್ ತೋಟದಲ್ಲಿ ಕೆಲಸ ಶುರುವಾಯಿತು. ಮೊದಲ ಎರಡು ದಿನ ರಬ್ಬರ್ ಮರ ಉರುಳಿಸುವುದು, ಸೌದೆಗೆ ತುಂಡು ಮಾಡುವುದು. ಕತ್ತರಿಸು, ನಿಲ್ಲಿಸು, ಹೆಜ್ಜೆ ಹಾಕು, ಮತ್ತೆ ಕತ್ತರಿಸು. ಗರಗಸ ಚೆನ್ನಾಗಿಯೇ ಓಡಿತು. ಕಬೆನ್ಲಾನ ತಲೆಯ ಮೇಲೆ ಎರಡು ದಿನ ಏನೂ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಸುಮ್ಮನೆ ಕತ್ತು ಆಡಿಸಿ ಆಕಾಶ ನೋಡಿದ. ಬ್ಲೇ ಕೇಳಿದ, "ಏನ್ ಹುಡುಕ್ತಿದೀಯ ಮೇಲೆ?" "ಏನಿಲ್ಲ ಮಾಸ್ಟರ್. ಬಹಳ ದಿನ ಆಗಿತ್ತು."

ಬುಧವಾರ ದಹೋಮಾ ಮರ ಬಿತ್ತು. ದಿಮ್ಮಿಯ ಮೇಲೆ ಗೆರೆ ಹೊಡೆದರು. ಹಲಗೆ ಸೀಳುವಾಗ ಎಂಜಿನ್ನಿಗೆ ಬಿಡುವಿರುವುದಿಲ್ಲ. ಹನ್ನೆರಡು ಅಡಿ ಉದ್ದಕ್ಕೂ ಪೂರ್ತಿ ವೇಗದಲ್ಲಿ, ಒಂದೇ ಸಮನೆ ಕೂಗುತ್ತ ಹೋಗಬೇಕು. ಮೊದಲ ಹಲಗೆ ಬಂತು. ಎರಡನೆಯದರ ಅರ್ಧದಲ್ಲಿ ದನಿ ಬದಲಾಯಿತು, ತೆಳುವಾಯಿತು, ಮೇಲೇರಿತು. ಕಬೆನ್ಲಾ ವೇಗ ಇಳಿಸುವ ಮೊದಲೇ ಗರಗಸ ಮರದೊಳಗೇ ನಿಂತಿತು.

ಎಳೆದ. ಮತ್ತೆ ಎಳೆದ. ಇಪ್ಪತ್ತು ಸಲ ಎಳೆದ. ಬಲಗೈ ಸೋತಾಗ ಎಡಗೈಯಿಂದ ಎಳೆದ.

"ಬಿಡು, ಆರಲಿ," ಎಂದ ಬ್ಲೇ.

ಆರಿದ ಮೇಲೆ ಮೂರನೆಯ ಎಳೆತಕ್ಕೆ ಶುರುವಾಯಿತು, ಮೊದಲ ದಿನದ ಹಾಗೆಯೇ. ನಾಲ್ಕು ಅಡಿ ಸೀಳಿ ಮತ್ತೆ ನಿಂತಿತು. ಮರುದಿನ ಎರಡು ಅಡಿಗೇ ನಿಂತಿತು. ಬ್ಲೇ ಗೋಣಿಚೀಲ ಹಾಸಿ ಗರಗಸವನ್ನು ಪೂರ್ತಿ ಬಿಚ್ಚಿದ. ಎಂಜಿನ್ನಿನ ತಳದ ಪೆಟ್ಟಿಗೆಯಲ್ಲಿ, ಹೊರಗಿನಿಂದ ಯಾರಿಗೂ ಕಾಣದ ಕಡೆ, ಬೆರಳುದ್ದದ ಬಿರುಕು ಇತ್ತು. ಅದಕ್ಕೆ ಬೂದು ಬಣ್ಣದ ಅಂಟು ಮೆತ್ತಿ, ಉಜ್ಜಿ, ನಯ ಮಾಡಿದ್ದರು. ಕಾದಾಗ ಬಿರುಕು ಬಾಯಿ ಬಿಡುತ್ತಿತ್ತು, ಗಾಳಿ ಒಳಗೆ ನುಗ್ಗುತ್ತಿತ್ತು. ತಣ್ಣಗಾದಾಗ ಮುಚ್ಚಿಕೊಳ್ಳುತ್ತಿತ್ತು. ನುಣುಪಾಗಿದ್ದ ಪಿಸ್ಟನ್ನಿನ ಮೇಲೂ ಈಗ ಎರಡು ಗೀರು ಬಿದ್ದಿದ್ದವು.

"ಯಾರೋ ತುಂಬಾ ಪ್ರೀತಿಯಿಂದ ಮಾಡಿದಾರೆ," ಎಂದ ಬ್ಲೇ.

"ನಾನು ಎಲ್ಲಾ ನೋಡಿದ್ದೆ ಮಾಸ್ಟರ್. ತಣ್ಣಗಿತ್ತು. ಮುಟ್ಟಿ ನೋಡಿದ್ದೆ."

"ತಣ್ಣಗಿದ್ರೆ ಇದು ದೇವರಂಥ ಮಿಷನ್ ಕಣಯ್ಯಾ. ಬಿಸಿ ಮಾಡಿಟ್ಟವರು ಕಳ್ಳರು ಅಂತ ನಾವೆಲ್ಲ ನಿಂಗೆ ಹೇಳಿಕೊಟ್ವಿ. ಒಂದು ಗಂಟೆ ಸೀಳಿ ನೋಡು ಅಂತ ಯಾರೂ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ." ಬ್ಲೇ ಎಣ್ಣೆಗೈಯನ್ನು ಹುಲ್ಲಿಗೆ ಒರೆಸಿದ. "ಎಷ್ಟು ದಿನ ಆಯ್ತು ತಂದು?"

"ಆರು."

"ಏಳು ದಿನ ಅಂದಿದ್ರಲ್ಲ! ಇನ್ನೂ ಯಾಕೆ ಕೂತಿದೀಯ, ಏಳು!"

ಕಬೆನ್ಲಾ ಏಳಲಿಲ್ಲ. ನ್ಯಾಂಜು ಬೇರೆ ಕಡೆ ನೋಡಿದ. ಆಗ ಬ್ಲೇಗೆ ಅರ್ಥವಾಯಿತು. "ಹೋಗಿ ಥ್ಯಾಂಕ್ಸ್ ಹೇಳಿಬಿಟ್ಯಾ?" ಎಂದ ಮೆಲ್ಲಗೆ. "ಅಯ್ಯೋ ಪುಣ್ಯಾತ್ಮ. ಅಷ್ಟು ಬೇಗ?"

ಏಳನೆಯ ದಿನ ಅವರು ಮತ್ತೆ ನದಿ ದಾಟಿದರು. ಅಮಿಹೆರೆಯ ಮನೆಗೆ ಹೊಸ ತಗಡು ಹೊದಿಸಿದ್ದರು. ಬಿಸಿಲಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಮುದುಕ ನೀರು ಕೊಟ್ಟ. ಗರಗಸವಿದ್ದ ಗೋಣಿಚೀಲವನ್ನು ನೋಡಿಯೂ ನೋಡದವನಂತೆ ಸುದ್ದಿ ಕೇಳಿದ. ನ್ಯಾಂಜು ಬಿರುಕಿನ ವಿಷಯ, ಅಂಟಿನ ವಿಷಯ ಹೇಳಿದ. ಮೋಸ ಎಂಬ ಮಾತನ್ನು ಬಳಸಲಿಲ್ಲ. ಮಿಷನ್ನಿಗೆ ಹುಷಾರಿಲ್ಲ ಎಂದ.

ಅಮಿಹೆರೆ ಬಿರುಕಿನ ಮೇಲೆ ಹೆಬ್ಬೆರಳಾಡಿಸಿದ.

"ನೀನು ಬಂದು ಹೇಳದೇ ಇದ್ದಿದ್ರೆ," ಎಂದ ಕೊನೆಗೆ, "ಇವತ್ತು ನಾನು ವಾಪಸ್ಸು ತಗೊಳ್ತಿದ್ದೆ. ತಗಡು ಬಿಚ್ಚಿ ಮಾರಿಯಾದ್ರೂ ಕೊಡ್ತಿದ್ದೆ. ಆದ್ರೆ ನೀನು ಥ್ಯಾಂಕ್ಸ್ ಹೇಳ್ದೆ. ನಾನು ಕೇಳ್ದೆ, ತುಂಬಿದೆಯಾ ಅಂತ. ತುಂಬಿದೆ ಅಂದೆ. ಅದನ್ನ ನಾನು ಈ ನೆಲಕ್ಕೆ ಸುರಿದು ನಮ್ಮ ಹಿರಿಯರಿಗೆ ಕುಡಿಸಿದೀನಿ. ಈಗ ಅವರ ಹೊಟ್ಟೆಯಿಂದ ಅದನ್ನ ಹೆಂಗಪ್ಪಾ ಹೊರಗೆ ತೆಗೀಲಿ?"

"ಬೆಲೆ ಇಳಿಸಿದ್ದಕ್ಕೆ ಮಾತ್ರ ಅಂದ್ಕೊಂಡಿದ್ದೆ, ಅಪ್ಪಾ."

"ಹಾಗಂತ ಹೇಳಿದ್ಯಾ?" ಮುದುಕ ನ್ಯಾಂಜುವಿನ ಕಡೆ ತಿರುಗಿದ. "ನೀನೇ ಅವನ ಬಾಯಿ ಆಗಿದ್ದೆ. ಹೇಳಪ್ಪ. ಬೆಲೆ ಅನ್ನೋ ಮಾತು ಬಂತಾ?"

ನ್ಯಾಂಜು ನೆಲ ನೋಡಿದ. ಅವನು ಜೀವಮಾನದಲ್ಲಿ ಎಷ್ಟೋ ಸುಳ್ಳು ಹೇಳಿದವನು, ಹೆಂಡತಿಗೆ, ಲಾರಿಯವರಿಗೆ, ತೆರಿಗೆಯವರಿಗೆ. ಆದರೆ ನೆಲಕ್ಕೆ ಸುರಿದ ಮಾತಿನ ಮೇಲೆ ಸುಳ್ಳು ಹೇಳಲು ಅವನಿಗೆ ಆಗಲಿಲ್ಲ. "ಬರ್ಲಿಲ್ಲ," ಎಂದ.

ಕಬೆನ್ಲಾ ಒಂದು ಪ್ರಶ್ನೆ ಕೇಳಬೇಕೆಂದುಕೊಂಡೇ ಬಂದಿದ್ದ. ನಿಮಗೆ ಗೊತ್ತಿತ್ತೇ? ಆದರೆ ಅದನ್ನು ಕೇಳಿದರೆ ಹಿರಿಯನನ್ನು ಅವನ ಅಂಗಳದಲ್ಲೇ ಕಳ್ಳ ಎಂದಂತಾಗುತ್ತಿತ್ತು. ಎದ್ದು, ಕೈ ಜೋಡಿಸಿ, ಗೋಣಿಚೀಲ ಹೊತ್ತುಕೊಂಡು ಬಂದ. ದೋಣಿಯಲ್ಲಿ ನ್ಯಾಂಜು ಒಂದೇ ಒಂದು ಸಲ, "ಭಾವ, ನಾನು..." ಎಂದ. ಕಬೆನ್ಲಾ, "ನೀನು ಸರಿ ಮಾಡ್ದೆ," ಎಂದ. ಆ ಮಾತು ಕೇಳಿ ನ್ಯಾಂಜುವಿಗೆ ಇನ್ನಷ್ಟು ಸಂಕಟವಾಯಿತು.

ಮಾರಿಬಿಡು ಎಂದಳು ಯಾಬಾ. ಬ್ಲೇಯೂ ಅದನ್ನೇ ಹೇಳಿ ಗರಗಸವನ್ನು ಜೋಡಿಸಿಕೊಟ್ಟ. ಅದೇ ವಾರ ಅಫೀಬಾ ಬಂದಳು. ಕಡಲ ದಡದಲ್ಲಿ ಮೀನಿಗೆ ಹೊಗೆ ಹಾಕುವವಳು, ಗಂಡ ತೀರಿಕೊಂಡವಳು. ಸೌದೆ ಕಡಿಸಲು ಗಂಡಸರ ಹಿಂದೆ ಅಲೆದು ಸಾಕಾಗಿ, ತನ್ನದೇ ಒಂದು ಗರಗಸ ಕೊಂಡು ಕೊಯ್ಯುವುದನ್ನು ಕಲಿಯಬೇಕೆಂದು ಹೊರಟಿದ್ದಳು. ಅಂಗಳಕ್ಕೆ ಬಂದವಳೇ ಬಗ್ಗಿ ಎಂಜಿನ್ನಿನ ಮೇಲೆ ಅಂಗೈ ಇಟ್ಟಳು.

"ತಣ್ಣಗಿದೆ. ಒಳ್ಳೇದು. ಎಲ್ಲರೂ ಅದನ್ನೇ ಮೊದಲು ನೋಡು ಅಂದ್ರು."

ಅವಳು ಹಗ್ಗ ಹಿಡಿದು ತೂಗುಬಿಟ್ಟಳು. ಪಟ್ಟಿಯ ಅಂಚಿನ ಮೇಲೆ ಉಗುರು ಆಡಿಸಿದಳು. ಒಂದೊಂದು ಪರೀಕ್ಷೆ ಮುಗಿದಾಗಲೂ ಒಂದು ಬೆರಳು ಮಡಿಸುತ್ತಿದ್ದಳು. "ಓಡ್ಸು ನೋಡೋಣ." ಮೂರನೆಯ ಎಳೆತಕ್ಕೆ ಓಡಿತು. "ಅಬ್ಬಾ, ನನ್ನ ಅತ್ತೆಗಿಂತ ಜೋರು!" ಎಂದು ಕಿವಿ ಮುಚ್ಚಿಕೊಂಡು ನಕ್ಕಳು. ಒಳಗೆ ತುರಿಮಣೆಯ ಸದ್ದು ನಿಂತಿತು. ಯಾಬಾ ಕಿವಿಗೊಟ್ಟಿದ್ದಾಳೆ ಎಂದು ಕಬೆನ್ಲಾನಿಗೆ ತಿಳಿಯಿತು.

"ಎಷ್ಟು ಹೇಳ್ತೀಯ?"

ಅವನು ಎಂಜಿನ್ ಆರಿಸಿದ. ಹೇಳಬಾರದೆಂದೇ ಅವನು ಬೆಳಗಿನಿಂದ ನಿರ್ಧರಿಸಿಕೊಂಡಿದ್ದ. "ಕಾದ ಮೇಲೆ ನಿಲ್ಲುತ್ತೆ," ಎಂದ.

"ಅಂದ್ರೆ?"

"ಒಳಗೆ ಬಿರುಕಿದೆ. ಮೊದಲು ಒಂದು ಗಂಟೆಗೆ ನಿಲ್ತಿತ್ತು. ಈಗ ಕಾಲು ಗಂಟೆಗೆ. ಮುಂದೆ ಇನ್ನೂ ಬೇಗ."

ಅಫೀಬಾ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಹೆಂಗಸಿಗೆ ಮಾರೋಕೆ ಇಷ್ಟ ಇಲ್ಲ ಅಂದ್ರೆ ನೆಟ್ಟಗೆ ಹೇಳು. ಸುತ್ತಿ ಬಳಸಿ ಯಾಕೆ?"

"ಹಾಗಲ್ಲಮ್ಮ."

"ಮತ್ತೆ? ತಾನು ಮಾರೋ ಮೀನು ಹಳಸಿದೆ ಅಂತ ಯಾರಾದ್ರೂ ಹೇಳ್ತಾರಾ? ನಾನು ಮೂವತ್ತು ವರ್ಷ ಸಂತೇಲಿ ಕೂತಿದೀನಪ್ಪ." ಎದ್ದು, ಸೀರೆಯಂತೆ ಸುತ್ತಿದ್ದ ಬಟ್ಟೆ ಬಿಗಿದುಕೊಂಡು ಹೊರಟಳು. ಬೇಲಿಯ ಹತ್ತಿರ ನಿಂತು, ಸ್ವಲ್ಪ ಮೆತ್ತಗಿನ ದನಿಯಲ್ಲಿ, "ನಿಜಾನೇ ಇರ್ಬೇಕು. ಮಾರೋ ಬುದ್ಧಿ ನಿಂಗಿಲ್ಲ," ಎಂದು ಹೋದಳು.

ಯಾಬಾ ಹೊರಗೆ ಬಂದಳು. ಬೆರಳ ಗೆಣ್ಣುಗಳಲ್ಲಿ ತುರಿಮಣೆಗೆ ತಾಗಿದ ಗಾಯಗಳು, ಗೆಣಸಿನ ಹಿಟ್ಟು. ಕಿರುಚಲಿಲ್ಲ.

"ನಿನ್ನ ನಾಲಿಗೆ ಎರಡು ಸಲ ನಮ್ಮನ್ನ ಮುಳುಗಿಸ್ತು," ಎಂದಳು. "ಅಲ್ಲಿ ಹೋಗಿ ಬೇಡದ ಒಳ್ಳೇ ಮಾತಾಡಿದೆ. ಇಲ್ಲಿ ಕೂತು ಬೇಡದ ನಿಜ ಹೇಳಿದೆ. ಅವಳಿಗೆ ಕಾಲು ಗಂಟೆ ಓಡಿದ್ರೆ ಸಾಕಾಗಿತ್ತೇನೋ. ಕೇಳಿದ್ಯಾ ನೀನು?"

ಕೇಳಿರಲಿಲ್ಲ.

ಕೊನೆಗೆ ಗರಗಸವನ್ನು ಬಿಡಿಭಾಗಗಳ ಬೆಲೆಗೆ ತಕೊರಾಡಿಯ ಒಬ್ಬ ವ್ಯಾಪಾರಿಗೆ ಕೊಟ್ಟರು. ಬಂದದ್ದರಲ್ಲಿ ಯಾಬಾಳ ಯಂತ್ರದ ಒಂದು ಚಕ್ರವೂ ಬರುವಂತಿರಲಿಲ್ಲ. ಬ್ಲೇ ಹದಿನೈದು ದಿನ ಕಾದ, ನಿಜವಾಗಿಯೂ ಕಾದ. ಆಮೇಲೆ ಬೇರೆ ಊರಿನ ಕೊಯ್ಯುವವನೊಬ್ಬನನ್ನು ಕರೆಸಿಕೊಂಡ. ಅವನು ಸೀಳಿದ ಹಲಗೆಗಳನ್ನು ಹೊರಲು ಜನ ಬೇಕಾಗಿತ್ತು.

ಮೊದಲ ದಿನ ನ್ಯಾಂಜು ಹಗುರವಾದ ಹಲಗೆಯನ್ನು ಆರಿಸಿ ಭಾವನ ಕಡೆ ತಳ್ಳಿದ. ಕಬೆನ್ಲಾ ಅದನ್ನು ಬಿಟ್ಟು ಪಕ್ಕದ್ದನ್ನು ಎತ್ತಿದ. ಬಲಗೈ ಹಲಗೆಯ ಅಂಚನ್ನು ಹಿಡಿಯಲಿಲ್ಲ, ಜಾರಿತು. ನ್ಯಾಂಜು ಬಂದು ಆ ಕೈಯನ್ನು ಎತ್ತಿ ಅಂಚಿನ ಮೇಲಿಟ್ಟು ಬೆರಳುಗಳನ್ನು ಮಡಿಸಿದ. ಅವು ಮಡಿಸಿದ ಹಾಗೆ ನಿಲ್ಲಲಿಲ್ಲ. ಕಬೆನ್ಲಾ ಎಡಗೈಯೊಂದರಲ್ಲೇ ಹಿಡಿದು ಜೌಗಿಗೆ ಇಳಿದ. ಅವನ ಹಿಂದೆ ದಹೋಮಾ ದಿಮ್ಮಿಯ ಮೇಲೆ ಹೊಸಬನ ಗರಗಸ ಒಂದೇ ಸಮನೆ ಕೂಗುತ್ತಿತ್ತು, ನಿಲ್ಲದೆ.

ಬಿರುಕಿಗೆ ಅಂಟು ಮೆತ್ತಿದವರು ಅಮಿಹೆರೆಯೋ, ಗಡಿ ದಾಟಿದ ಅಕ್ಕನ ಮಗನೋ, ಅವನಿಗೂ ಮೊದಲಿನ ಇನ್ನಾರೋ, ನನಗೆ ತಿಳಿಯಲಿಲ್ಲ. ಮುದುಕ ಆ ಬೆಳಿಗ್ಗೆ ಬಾಟಲಿಯನ್ನು ಅಷ್ಟು ಹೊತ್ತು ಯಾಕೆ ನೋಡಿದ ಎಂಬುದೂ ತಿಳಿಯಲಿಲ್ಲ. ಇನ್ನೊಂದು ವಿಷಯವಿದೆ, ಅದನ್ನು ಬರೆಯಲು ಹಿಂಜರಿಕೆಯಾಗುತ್ತದೆ. ಗರಗಸ ಹಿಡಿದವರ ಕೈಗೂ ವರ್ಷಗಟ್ಟಲೆ ಯಂತ್ರದ ನಡುಕ ಹತ್ತಿ ಬೆರಳು ಸಾಯುತ್ತದೆ ಎಂದು ಕೆಲವರು ಹೇಳುತ್ತಾರೆ. ಒಳ್ಳೆಯ ಗರಗಸವೇ ಸಿಕ್ಕಿದ್ದರೂ ಆ ಕೈ ಉಳಿಯುತ್ತಿತ್ತೇ ಎಂದು ನರ್ಸಮ್ಮನನ್ನು ಅಂದು ಯಾರೂ ಕೇಳಲಿಲ್ಲ. ಈಗ ಅವಳು ಬೇರೆ ಊರಿಗೆ ಹೋಗಿದ್ದಾಳೆ. ನನಗೆ ಗೊತ್ತಿಲ್ಲ.